ಕೊಟ್ಟಿಗೆಯಲ್ಲಿ ಒಂದೇ ಕುರ್ಚಿ

ನಮ್ಮ ಮನೆಯಲ್ಲಿ ಏಳು ಜನ, ನಾಲ್ಕು ಕೋಣೆ. ಮಗ, ಸೊಸೆ, ಮಕ್ಕಳಿಗೆ ಒಂದು, ಅತ್ತೆಗೆ ಒಂದು, ದೇವರಿಗೆ ಒಂದು, ರಾಗಿ ಭತ್ತದ ಮೂಟೆಗಳಿಗೆ ಒಂದು. ಯಜಮಾನರಿಗೆ ಬೀದಿಯ ಕಡೆಯ ಜಗಲಿ ಇದೆ. ಪತ್ರಿಕೆ, ಎಲೆಯಡಿಕೆ, ಹೋಗಿ ಬರುವವರೊಡನೆ ಮಾತು ಎಲ್ಲವೂ ಅಲ್ಲೇ. ನಾವಿಬ್ಬರೂ ಮಲಗುವುದು ನಡುಮನೆಯಲ್ಲಿ, ಟಿ.ವಿ. ಆರಿದ ಮೇಲೆ. ನನಗೆ ಯಾವ ಜಾಗ ಎಂದು ಕೇಳಿದ್ದಕ್ಕೆ "ಅಡುಗೆಮನೆ ಪೂರ್ತಿ ನಿನ್ನದೇ ಅಲ್ಲವೇ?" ಎಂದರು. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಈ ಭಾಗಾಕಾರ ತಪ್ಪಾಗಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಹಿತ್ತಲಿನಲ್ಲಿ 14 ಅಡಿ ಉದ್ದ, 10 ಅಡಿ ಅಗಲದ ಕೊಟ್ಟಿಗೆ ಇತ್ತು. ಮಾವನವರು ಇದ್ದಷ್ಟು ಕಾಲ ಅದರಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದು ಸೀಮೆಹಸು. ಅವರು ತೀರಿಕೊಂಡ ಮೇಲೆ ದನಗಳನ್ನು ಮಾರಿದೆವು. ದನ ಬಿಟ್ಟ ಜಾಗಕ್ಕೆ ಸಾಮಾನು ಬಂದು ಕೂತಿತು. ಅದನ್ನೇ ನನ್ನ ಕೋಣೆ ಮಾಡಿಕೊಂಡೆ. ನಾಲ್ಕು ವರ್ಷವಾಯಿತು. ಈಚೆಗೆ ನಂಟರು, ಹಳೆಯ ಸಹೋದ್ಯೋಗಿಗಳು, ಒಂದಿಬ್ಬರು ಹಳೆಯ ವಿದ್ಯಾರ್ಥಿಗಳು ಹೇಗೆ ಮಾಡಿದಿರಿ ಎಂದು ವಿಚಾರಿಸುತ್ತಿರುವುದರಿಂದ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ನಾನು ಮಾಡಿದ ತಪ್ಪುಗಳೂ ಇದರಲ್ಲಿವೆ; ಅವುಗಳಿಗೆ ದುಡ್ಡು ಕೊಟ್ಟಿದ್ದೇನೆ, ನಿಮಗೆ ಬಿಟ್ಟಿ.

ಮೊದಲು ಖಾಲಿ ಮಾಡಿ

ಇದು ಅರ್ಧ ದಿನದ ಕೆಲಸ ಎಂದುಕೊಂಡಿದ್ದೆ. ಒಂದೂವರೆ ತಿಂಗಳು ಹಿಡಿಯಿತು. ಆರು ವರ್ಷ ಯಾರೂ ತಿರುಗಿ ನೋಡದ ಸಾಮಾನಿಗೆಲ್ಲ ನಾನು ಕೈಹಾಕಿದ ದಿನವೇ ವಾರಸುದಾರರು ಹುಟ್ಟಿಕೊಂಡರು. ಕೆಟ್ಟ ಕೂಲರನ್ನು ಮಗ ರಿಪೇರಿ ಮಾಡಿಸುವವನಿದ್ದ. ಸ್ಕೂಟರಿನ ಟೈರು ಯಾವುದಕ್ಕಾದರೂ ಬೇಕಾಗುತ್ತದಂತೆ. ತೂತು ಬಿದ್ದ ಹಿತ್ತಾಳೆ ಹಂಡೆ ಅತ್ತೆಯ ತವರಿನದು. ಜಗಳವಾಡಿ ಪ್ರಯೋಜನವಿಲ್ಲ. ನಾನು ಎಲ್ಲವನ್ನೂ ಅಂಗಳಕ್ಕೆ ತಂದು ಹಾಕಿ, ಒಂದೊಂದಕ್ಕೂ ವಾರಸುದಾರರ ಹೆಸರಿನ ಚೀಟಿ ಕಟ್ಟಿದೆ. 15 ದಿನದೊಳಗೆ ಅವರವರು ಮಲಗುವ ಜಾಗಕ್ಕೆ ಕೊಂಡೊಯ್ಯಬಹುದು, ಉಳಿದದ್ದು ಗುಜರಿಗೆ ಎಂದೆ. ಹಂಡೆ ಅತ್ತೆಯ ಮಂಚದ ಕೆಳಗೆ ಹೋಯಿತು. ಕೂಲರಿಗೆ ಯಾರ ಕೋಣೆಯಲ್ಲೂ ಜಾಗ ಸಿಗಲಿಲ್ಲ. ಮಾವನವರ ನೊಗವನ್ನು ಮಾತ್ರ ನಾನೇ ಉಳಿಸಿಕೊಂಡೆ. ಅದು ಈಗ ಸೂರಿನ ಅಡಿಯಲ್ಲಿ, ಹೊರಗೋಡೆಯ ಮೇಲಿದೆ.

ಈ ಕೆಲಸ ಮುಗಿಯುವ ಮೊದಲು ಗಾರೆಯವರನ್ನು ಕರೆಸಬೇಡಿ. ಕೊಟ್ಟಿಗೆ ಅರ್ಧ ಖಾಲಿಯಾಗಿರುವಾಗ ರಿಪೇರಿಗೆ ಹೊರಟರೆ ಉಳಿದರ್ಧ ಸಾಮಾನು ಹೊಸ ಸೂರಿನ ಕೆಳಗೆ ಇನ್ನೂ ಭದ್ರವಾಗಿ ಕೂರುತ್ತದೆ.

ತೇವ ಮತ್ತು ಉಪ್ಪು

ನಮ್ಮೂರು ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿದೆ. 1930ರ ದಶಕದಿಂದ ಇಲ್ಲಿಗೆ ಕನ್ನಂಬಾಡಿ ಕಟ್ಟೆಯ ನೀರು ಹರಿಯುತ್ತಿದೆ. ಹಿತ್ತಲಿನ ಆಚೆ ಭತ್ತದ ಗದ್ದೆ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾಯಿತೆಂದರೆ ನಮ್ಮ ಹಿತ್ತಲಿನಲ್ಲಿ ಎರಡು ಅಡಿ ಅಗೆದರೂ ಮಣ್ಣು ಒದ್ದೆ. ಆ ನೀರು ಗೋಡೆಯನ್ನು ಹಿಡಿದು ಮೇಲೇರುತ್ತದೆ. ಮಂಡ್ಯದ ಕಡೆಯವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು. ಮಳವಳ್ಳಿ, ನಾಗಮಂಗಲದ ಒಣಭೂಮಿಯವರಿಗೆ ಈ ಕಾಟ ಕಡಿಮೆ.

ಮಾಮೂಲಿ ತೇವವಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಕೊಟ್ಟಿಗೆಯ ಗೋಡೆ ಹತ್ತಾರು ವರ್ಷ ಗಂಜಲ ಕುಡಿದಿರುತ್ತದೆ. ಗಂಜಲ ಮಣ್ಣಿನಲ್ಲಿ ಸೇರಿ ಉಪ್ಪಾಗುತ್ತದೆ. ಹಿಂದೆ ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ಇಂತಹ ಮಣ್ಣನ್ನು ತೊಳೆದೇ ತೆಗೆಯುತ್ತಿದ್ದರು. ಈ ಉಪ್ಪು ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ಒಣಗುವಾಗ ಹರಳುಗಟ್ಟಿ ಉಬ್ಬುತ್ತದೆ, ಮೇಲಿನ ಗಾರೆಯನ್ನು ಒದ್ದು ಬೀಳಿಸುತ್ತದೆ.

ನಾನು ಮೊದಲು ಕರೆಸಿದ ಮೇಸ್ತ್ರಿಗೆ ಇದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೆಳಗೆ ಎರಡು ಅಡಿ ಕಲ್ಲು, ಮೇಲೆ ಮಣ್ಣಿನ ಗೋಡೆ. ಒಳಗೂ ಹೊರಗೂ ಸಿಮೆಂಟ್ ಗಾರೆ ಬಳಿದು ನಯ ಮಾಡಿ 11,000 ರೂಪಾಯಿ ಎಣಿಸಿಕೊಂಡು ಹೋದರು. ಮಾರ್ಚ್ ತಿಂಗಳು, ಎಲ್ಲವೂ ಅಂದವಾಗಿ ಕಂಡಿತು. ಆಗಸ್ಟ್‌ನಲ್ಲಿ ನಾಲೆಗೆ ನೀರು ಬಂತು. ದಸರಾ ರಜೆಗೆ ಬಂದ ತಂಗಿಗೆ ನನ್ನ ಕೋಣೆ ತೋರಿಸಲು ಬಾಗಿಲು ತೆರೆದರೆ ಗೋಡೆಯ ತುಂಬ ಹಪ್ಪಳದಂತೆ ಗುಳ್ಳೆ. ಬೆರಳಿನಿಂದ ತಟ್ಟಿದಾಗ ಒಂದು ಮೊರದಗಲದ ಗಾರೆ ನೆಲಕ್ಕೆ ಬಿತ್ತು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ನೀರಿಗೆ ಹೊರಬರಲು ದಾರಿ ಇರುವುದಿಲ್ಲ, ಅಷ್ಟೇ.

ಆದ್ದರಿಂದ ಮೊದಲು ಪರೀಕ್ಷೆ ಮಾಡಿ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಿ. ಹಾಳೆಯ ಕೆಳಗೆ ನೀರಿನ ಹನಿ ಕಂಡರೆ ತೇವ ನೆಲದಿಂದ ಬರುತ್ತಿದೆ. ಮೇಲೆ ಕಂಡರೆ ಅದು ಗಾಳಿಯ ತೇವ, ಕಿಟಕಿ ಇಟ್ಟರೆ ಹೋಗುತ್ತದೆ. ಗೋಡೆಯಲ್ಲಿ ಬಿಳಿಯದೇನಾದರೂ ಕಂಡರೆ ಅದರ ಮೇಲೆ ನೀರು ಚಿಮುಕಿಸಿ. ಕರಗಿ ಮಾಯವಾದರೆ ಉಪ್ಪು, ಹಾಗೆಯೇ ಉಳಿದರೆ ಬೂಷ್ಟು. ಸಾಧ್ಯವಾದರೆ ಈ ಪರೀಕ್ಷೆಯನ್ನು ಗದ್ದೆಯಲ್ಲಿ ನೀರು ನಿಂತಿರುವ ಕಾಲದಲ್ಲಿ ಮಾಡಿ. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಸಾಚಾ ಆಗಿ ಕಾಣುತ್ತದೆ.

ಎರಡನೆಯ ಸಲ ನಾನು ಹುಡುಕಿದ್ದು 70 ದಾಟಿದ ಒಬ್ಬ ಗಾರೆ ಕೆಲಸದವರನ್ನು. ಅವರು ಬಂದು ಗೋಡೆಯನ್ನು ನೋಡುವ ಮೊದಲು ಮೂಸಿ ನೋಡಿದರು. ಆಗಲೇ ನನಗೆ ನಂಬಿಕೆ ಬಂತು. ಅವರು ಮಾಡಿಸಿದ ಕ್ರಮ ಹೀಗಿತ್ತು. ಸಿಮೆಂಟನ್ನು ಪೂರ್ತಿ ಕೆತ್ತಿ ತೆಗೆದು ಗೋಡೆಯನ್ನು ಎರಡು ತಿಂಗಳು ಬರಿಮೈಯಲ್ಲಿ ಒಣಗಲು ಬಿಟ್ಟರು. ಈ ನಡುವೆ ಎರಡು ಸಲ ಬರಿಯ ಜೇಡಿಮಣ್ಣನ್ನು ಒದ್ದೆ ಮಾಡಿ ಗೋಡೆಗೆ ಮೆತ್ತಿದರು. ಅದು ಒಣಗುತ್ತ ಉಪ್ಪನ್ನು ಹೀರಿಕೊಳ್ಳುತ್ತದೆ, ಆಮೇಲೆ ಕೆರೆದು ಹೊರಗೆ ಹಾಕುವುದು. ನೆಲದ ಚಪ್ಪಡಿ ಎತ್ತಿಸಿ 15 ಅಂಗುಲ ಮಣ್ಣು ತೆಗೆಸಿದೆವು. ಆ ಮಣ್ಣನ್ನು ಎಸೆಯಬೇಡಿ, ತೆಂಗಿನ ಪಾತಿಗೆ ಹಾಕಿ. ನಮ್ಮ ಹಿತ್ತಲಿನ ಮರಗಳು ಮರುವರ್ಷ ಅದಕ್ಕೆ ಋಣ ತೀರಿಸಿದವು. ಗುಂಡಿಗೆ ಆರು ಅಂಗುಲ ದಪ್ಪ ಜಲ್ಲಿ, ಅದರ ಮೇಲೆ ಎರಡು ಅಂಗುಲ ಮರಳು, ಮರಳಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಮೂರು ಅಂಗುಲ ಕಾಂಕ್ರೀಟ್. ಹಾಳೆಗಳು ಸೇರುವ ಕಡೆ ಒಂದು ಅಡಿ ಒಂದರ ಮೇಲೊಂದು ಬರಬೇಕು. ಜಲ್ಲಿಯ ಸಂದುಗಳಲ್ಲಿ ನೀರು ಮೇಲೇರುವುದಿಲ್ಲ. ಏರಿದಷ್ಟನ್ನು ಹಾಳೆ ತಡೆಯುತ್ತದೆ. ಕಾಂಕ್ರೀಟಿನ ಮೇಲೆ ಕೆಂಪು ಆಕ್ಸೈಡ್ ಹಾಕಿಸಿ ಉಜ್ಜಿಸಿದೆ. ಟೈಲ್ಸ್ ಬೇಡವೇ ಎಂದು ಎಲ್ಲರೂ ಕೇಳಿದರು. ಬೇಡ. ಬೇಸಿಗೆಯ ಮಧ್ಯಾಹ್ನ ಕೆಂಪು ನೆಲದ ಮೇಲೆ ಬರಿಗಾಲು ಇಟ್ಟು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ.

ಹೊರಗಡೆ ಗೋಡೆಯ ಸುತ್ತ ಒಂದು ಅಡಿ ಅಗಲದ ಚರಂಡಿ ತೋಡಿ ಜಲ್ಲಿ ತುಂಬಿಸಿ, ತಗ್ಗಿನ ಕಡೆಗೆ ನೀರು ಹರಿಯುವಂತೆ ಮಾಡಿಸಿ. ಪಾಯಕ್ಕಿಂತ ಕೆಳಗೆ ಅಗೆಯಬೇಡಿ, ಹಳೆಯ ಗೋಡೆ ಕುಸಿದೀತು.

ಗೋಡೆಗೆ ಸುಣ್ಣದ ಗಾರೆ: ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಅಜ್ಜ ಅದಕ್ಕೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಸೇರಿಸಿದರು. ಆಲೆಮನೆಗಳ ಊರಿನಲ್ಲಿ ಬೆಲ್ಲಕ್ಕೇನು ಬರ; ಆದರೆ ಇರುವೆಗಳಿಗೂ ಸುದ್ದಿ ಮುಟ್ಟಿ ಎರಡು ವಾರ ಗೋಡೆಯ ತುಂಬ ಮೆರವಣಿಗೆ. ಸುಣ್ಣದ ಗಾರೆ ಸಿಮೆಂಟಿನ ಹಾಗೆ ಮರುದಿನಕ್ಕೆ ಗಟ್ಟಿಯಾಗುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಒಂದು ತಿಂಗಳ ಕಾಲ ಬಿಸಿಲು ನೇರವಾಗಿ ಬೀಳದಂತೆ ಗೋಣಿ ಇಳಿಬಿಟ್ಟು, ಆಗಾಗ ನೀರು ಚಿಮುಕಿಸುತ್ತಿದ್ದೆ.

ಮೇಲೆ ಬಳಿಯುವ ಸುಣ್ಣವನ್ನು ಮನೆಯಲ್ಲೇ ಅರಳಿಸಬಹುದು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ತುಂಬಿ, ಆಮೇಲೆ ಸುಣ್ಣದ ಗಡ್ಡೆಗಳನ್ನು ಒಂದೊಂದಾಗಿ ಬಿಡಿ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೇ ಹಾರುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮೊಮ್ಮಕ್ಕಳು ದೂರ ಇರಲಿ. ಎರಡು ವಾರ ಬಿಟ್ಟು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಗೋಡೆಯನ್ನು ಒದ್ದೆ ಮಾಡಿಕೊಂಡು ಮೂರು ಸಲ ಬಳಿಯಿರಿ. ಬಳಿದಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ದಪ್ಪಗೆ ಬಳಿದರೆ ಬಟ್ಟೆಗೆಲ್ಲ ಹತ್ತುತ್ತದೆ. ಸುಣ್ಣಕ್ಕೆ ಉಪ್ಪು ಹಾಕುವ ರೂಢಿ ಕೆಲವರಿಗಿದೆ. ಕೊಟ್ಟಿಗೆಯ ಗೋಡೆಯಲ್ಲಿ ಈಗಾಗಲೇ ಬೇಕಾದಷ್ಟಿದೆ, ದಯವಿಟ್ಟು ಹಾಕಬೇಡಿ.

ಸೂರು

ಹಳೆಯ ನಾಡಹೆಂಚು ಪುಡಿಯಾಗಿತ್ತು. ತಗಡಿನ ಶೀಟು ಹಾಕಿದರೆ ಎರಡೇ ದಿನದಲ್ಲಿ ಮುಗಿಯುತ್ತದೆ ಎಂದ ಮಗ. ಏಪ್ರಿಲ್ ಮಧ್ಯಾಹ್ನ ಮಂಡ್ಯದಲ್ಲಿ 35 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಕೂತರೆ ಕಾವಲಿಯ ಮೇಲಿನ ರೊಟ್ಟಿ. ಮಳೆ ಬಂದರೆ ನಿಮ್ಮ ಯೋಚನೆ ನಿಮಗೇ ಕೇಳಿಸುವುದಿಲ್ಲ. ಹಳೆಯ ಕಲ್ನಾರಿನ ಶೀಟಂತೂ ಬೇಡವೇ ಬೇಡ. ನಿಮ್ಮ ಕೊಟ್ಟಿಗೆಯಲ್ಲಿ ಅದು ಈಗಾಗಲೇ ಇದ್ದರೆ ಒಡೆಯಬೇಡಿ, ಕೊರೆಯಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಮಂಗಳೂರು ಹೆಂಚನ್ನೇ ಹಾಕಿಸಿದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಇದರ ಕಾರ್ಖಾನೆ ತೆರೆದರು. ಹಳೆಯ ಮನೆ ಕೆಡವುವ ಕಡೆ ಇಂದಿಗೂ ಹಳೆಯ ಹೆಂಚು ಒಳ್ಳೆಯ ಸ್ಥಿತಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಒಂದೊಂದನ್ನೂ ಎತ್ತಿ ಬೆರಳಿನ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಇಟ್ಟುಕೊಳ್ಳಿ, ಡಬ್ ಎಂದರೆ ಒಳಗೆ ಬಿರುಕಿದೆ. ಮಾರುವವನು ಗೊಣಗಿದ, ನಾನು 400 ಹೆಂಚು ತಟ್ಟಿ 380 ಆರಿಸಿಕೊಂಡೆ.

380 ಎಂಬ ಲೆಕ್ಕ ಎಲ್ಲಿಂದ ಬಂತೆಂದರೆ, ಸೂರಿನ ಇಳಿಜಾರು 30 ಡಿಗ್ರಿ ಇರಬೇಕೆಂದು ನಾನು ಪಟ್ಟು ಹಿಡಿದೆ. ಅದಕ್ಕಿಂತ ತೀರಾ ಚಪ್ಪಟೆಯಾದರೆ ಗಾಳಿಮಳೆಯಲ್ಲಿ ನೀರು ಹೆಂಚಿನ ಸಂದಿನಿಂದ ಹಿಂದಕ್ಕೆ ನುಗ್ಗುತ್ತದೆ. ಬಡಗಿ ಕಣ್ಣಂದಾಜಿನಲ್ಲಿ ಮಾಡುತ್ತೇನೆ ಎಂದ. 10 ಅಡಿ ಅಗಲದ ಅರ್ಧ 5 ಅಡಿ. ಟ್ಯಾನ್ 30 ಎಂದರೆ 0.577, ನಡುವೆ 2 ಅಡಿ 10½ ಅಂಗುಲ ಏರಿಸಬೇಕು. ಇಳಿಜಾರಿನ ಉದ್ದ 5 ಅಡಿ 9 ಅಂಗುಲ, ಗೋಡೆಯಿಂದ ಆಚೆಗೆ ಒಂದೂವರೆ ಅಡಿ ಸೂರು, ಒಟ್ಟು 7 ಅಡಿ 3 ಅಂಗುಲ. ಉದ್ದಕ್ಕೆ ಎರಡೂ ಕಡೆ ಒಂದೊಂದು ಅಡಿ ಸೇರಿಸಿ 16. ಎರಡು ಮಗ್ಗುಲು ಸೇರಿ 232 ಚದರಡಿ. 100 ಚದರಡಿಗೆ ಸುಮಾರು 150 ಹೆಂಚಿನಂತೆ 348. ಉಳಿದ 32 ಮುಂದಿನ ಒಡಕಿಗೆ. "ಟ್ರಿಗ್ನಾಮೆಟ್ರಿ ಕಲಿತು ಏನು ಮಾಡಬೇಕು ಮಿಸ್?" ಎಂದು ವರ್ಷವೂ ಒಬ್ಬ ಹುಡುಗನಾದರೂ ಕೇಳುತ್ತಿದ್ದ. ಸರಿಯಾದ ಉತ್ತರ ಸಿಕ್ಕಿದ್ದು ನಿವೃತ್ತಳಾದ ಮೇಲೆ.

ಹೆಂಚು ಕೂರುವ ಮರದ ಪಟ್ಟಿಗಳ, ಅಂದರೆ ರೀಪುಗಳ, ಅಂತರವನ್ನು ಯಾರ ಬಾಯಿಮಾತಿನಿಂದಲೂ ತೆಗೆದುಕೊಳ್ಳಬೇಡಿ. ನೀವು ತಂದ ಹೆಂಚಿನಲ್ಲೇ ಎರಡನ್ನು ನೆಲದ ಮೇಲೆ ಜೋಡಿಸಿ, ಕೊಂಡಿಯಿಂದ ಕೊಂಡಿಗೆ ಅಳೆಯಿರಿ. ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ಬದಲಾಗುತ್ತದೆ. ಉತ್ತರದ ಮಗ್ಗುಲಲ್ಲಿ ಎರಡು ಗಾಜಿನ ಹೆಂಚು ಸೇರಿಸಿ, ಬೆಳಕು ಬರುತ್ತದೆ, ಬಿಸಿಲು ಅಷ್ಟಾಗಿ ಬರುವುದಿಲ್ಲ. ಹತ್ತಿರ ತೆಂಗಿನ ಮರವಿದ್ದರೆ 45 ದಿನಕ್ಕೊಮ್ಮೆ ಕಾಯಿ ಕೀಳಿಸಿ, ಒಣಗರಿಯನ್ನೂ ತೆಗೆಸಿ. ಮರ ಕಡಿಸಬೇಡಿ, ಮಧ್ಯಾಹ್ನದ ನೆರಳು ಅದರದೇ.

ಬಾಗಿಲು ಪೂರ್ವಕ್ಕೆ, ಕಿಟಕಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು, ಎದುರುಬದುರು. ಪಶ್ಚಿಮದ ಗೋಡೆಯನ್ನು ಮುಚ್ಚಿಯೇ ಬಿಟ್ಟು ಅದರ ಹೊರಗೆ ಹೀರೆಬಳ್ಳಿಗೆ ಚಪ್ಪರ ಹಾಕಿದ್ದೇನೆ. ಕಿಟಕಿಗೆ ಸೊಳ್ಳೆಜಾಲರಿ ಇರಲೇಬೇಕು, ಗದ್ದೆ ಬದಿಯ ಸೊಳ್ಳೆಗಳಿಗೆ ಸಂಜೆ ಆರಕ್ಕೆ ಹಾಜರಿ.

ಹಾವಿನ ಮಾತು. ಕೊಟ್ಟಿಗೆ ಎಂದರೆ ಇಲಿ, ಇಲಿ ಎಂದರೆ ನಾಗರ. ಹೊಸ್ತಿಲಿಗೂ ಬಾಗಿಲಿಗೂ ನಡುವೆ ಬೆರಳು ತೂರುವಷ್ಟು ಸಂದೂ ಇರಬಾರದು. ಗೋಡೆ ಮತ್ತು ಸೂರು ಸೇರುವ ಕಡೆ ಕಬ್ಬಿಣದ ಜಾಲರಿ ಬಡಿಸಿ. ಸೌದೆ, ಗರಿ, ಇಟ್ಟಿಗೆ ರಾಶಿ ಗೋಡೆಗೆ ಒರಗಿ ಇರಕೂಡದು. ನನಗೆ ಮೊದಲ ವರ್ಷ ಒಮ್ಮೆ ದರ್ಶನವಾಯಿತು. ಹಾವು ಹಿಡಿಯುವವರಿಗೆ ಫೋನ್ ಮಾಡಿ ಬರುವವರೆಗೂ ದೂರ ನಿಂತು ಅದು ಯಾವ ಮೂಲೆಯಲ್ಲಿದೆ ಎಂದು ನೋಡುತ್ತಿದ್ದೆ. ದೊಣ್ಣೆ ಹಿಡಿದು ಬಂದ ಪಕ್ಕದ ಮನೆಯವರನ್ನು ತಡೆಯುವುದೇ ಕಷ್ಟವಾಯಿತು.

ವಿದ್ಯುತ್ತಿಗೆ ಮನೆಯಿಂದ 42 ಅಡಿ ದೂರ. ನುಗ್ಗೆಮರಕ್ಕೆ ವೈರ್ ಕಟ್ಟಿ ಎಳೆಯುವ ಉಪಾಯ ನಮ್ಮ ಮನೆಯಲ್ಲೂ ಬಂತು. ಒಪ್ಪಬೇಡಿ. ಪೈಪಿನೊಳಗೆ ನೆಲದಡಿಯಲ್ಲಿ ತನ್ನಿ, ಅರ್ತಿಂಗ್ ಸರಿಯಾಗಿರಲಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್‌ನ ಸ್ವಿಚ್ಚು (ಆರ್.ಸಿ.ಸಿ.ಬಿ.) ಹಾಕಿಸಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಲಿ. ಒಂದು ದೀಪ, ಒಂದು ಫ್ಯಾನು, ಒಂದು ಪ್ಲಗ್ಗು ಸಾಕು.

ಹೊಸದಾಗಿ ಕಟ್ಟುವವರು ಪಂಚಾಯಿತಿ ಅಥವಾ ನಗರಸಭೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಮೈಸೂರಿನ 30×40 ಅಡಿ ಸೈಟಿನವರಿಗೆ ಹಿತ್ತಲು ಎಲ್ಲಿಂದ ಬರಬೇಕು. ಕುವೆಂಪುನಗರದಲ್ಲಿರುವ ನನ್ನ ತಂಗಿ ತಾರಸಿಯ ಮೇಲೆ ಮಾಡಿಕೊಂಡಿದ್ದಾಳೆ. ಅವಳದು ಶೀಟಿನ ಸೂರು, ಮೇಲೆ ಬಿಳಿ ಬಣ್ಣ, ಕೆಳಗೆ ಬಿದಿರಿನ ತಟ್ಟಿ. ಬೆಳಿಗ್ಗೆ ಹತ್ತರವರೆಗೆ, ಮತ್ತೆ ಸಂಜೆ ಐದರ ಮೇಲೆ ಚೆನ್ನಾಗಿರುತ್ತದೆ ಎನ್ನುತ್ತಾಳೆ. ನಡುವಿನ ಹೊತ್ತಿನ ಬಗ್ಗೆ ಏನೂ ಹೇಳುವುದಿಲ್ಲ.

ಒಳಗೆ ಏನಿರಬೇಕು, ಏನಿರಬಾರದು

ಮಂಚ ಹಾಕಬೇಡಿ. ಮಂಚ ಹಾಕಿದ ಕೋಣೆ ನೆಂಟರ ಕೋಣೆಯಾಗುತ್ತದೆ, ಹಬ್ಬಕ್ಕೆ ಬಂದವರು ನಿಮ್ಮನ್ನೇ ಹೊರಗೆ ಕಳಿಸುತ್ತಾರೆ. ಟಿ.ವಿ. ಬೇಡ. ಬೀರು ಬೇಡವೇ ಬೇಡ. ಖಾಲಿ ಕಪಾಟು ಕಂಡರೆ ಸಂಸಾರಸ್ಥರ ಕೈ ಸುಮ್ಮನಿರುವುದಿಲ್ಲ. ದೇವರ ಪಟವನ್ನೂ ನಾನು ಇಡಲಿಲ್ಲ, ಇಟ್ಟಿದ್ದರೆ ದೀಪ ಹಚ್ಚಲು ದಿನವೂ ಎರಡು ಹೊತ್ತು ಅತ್ತೆ ಬರುತ್ತಿದ್ದರು. ಕುರ್ಚಿ ಒಂದೇ ಇರಲಿ. ಇದು ಜಿಪುಣತನವೆಂದು ಕೆಲವರಿಗೆ ಅನ್ನಿಸಿದೆ. ಎರಡು ಕುರ್ಚಿ ಇದ್ದರೆ ಎರಡನೆಯದು ಯಾರನ್ನಾದರೂ ಕರೆಯುತ್ತಲೇ ಇರುತ್ತದೆ.

ಕಲ್ಲಿನ ಗೋದಲಿಯನ್ನು ಕೀಳಿಸಲಿಲ್ಲ. ಅದರ ಮೇಲೆ ಎರಡು ಹಲಗೆ ಜೋಡಿಸಿ ಮೇಜು ಮಾಡಿಕೊಂಡೆ, ಒಳಗೆ ಪುಸ್ತಕ. ಎತ್ತುಗಳು ಕುತ್ತಿಗೆ ಉಜ್ಜಿ ಉಜ್ಜಿ ಅಂಚು ಕನ್ನಡಿಯಂತೆ ನಯವಾಗಿದೆ. ಗೋಡೆಯ ಗೂಡಿನಲ್ಲಿ ಮಾವನವರು ಲಾಂದ್ರ ಇಡುತ್ತಿದ್ದರು, ನಾನು ಫ್ಲಾಸ್ಕ್ ಇಡುತ್ತೇನೆ.

ಬಾಗಿಲಿಗೆ ಒಳಗಡೆಯಿಂದ ಚಿಲಕ ಹಾಕಿಸಿ. ಇದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕಿತ್ತು. ನಮ್ಮ ಮನೆಯಲ್ಲಿ ಹೆಂಚಿಗೆ ಯಾರೂ ತಕರಾರು ಮಾಡಲಿಲ್ಲ, ಚಿಲಕಕ್ಕೆ ಮಾಡಿದರು. "ದನ ಕಟ್ಟುವ ಕಡೆ ಹೋಗಿ ಕೂರುತ್ತೀಯಲ್ಲ, ಯಾರ ಮೇಲಮ್ಮ ಕೋಪ?" ಎಂದರು ಅತ್ತೆ. ಯಾರ ಮೇಲೂ ಇಲ್ಲ ಎಂದೆ. ಅಲ್ಲಿ ಏನು ಮಾಡುತ್ತೀಯ ಎಂದು ಯಜಮಾನರು ಕೇಳಿದರು. ಏನೂ ಮಾಡುವುದಿಲ್ಲ ಎಂದೆ. ಈ ಉತ್ತರವನ್ನು ಅಭ್ಯಾಸ ಮಾಡಿಕೊಳ್ಳಿ. ಓದುತ್ತೇನೆ, ಧ್ಯಾನ ಮಾಡುತ್ತೇನೆ, ಹೊಲಿಯುತ್ತೇನೆ ಎಂದು ಹೇಳಿದಿರೋ, ಅದನ್ನು ನಡುಮನೆಯಲ್ಲೇ ಮಾಡಬಹುದಲ್ಲ ಎನ್ನುತ್ತಾರೆ. ಏನೂ ಮಾಡದಿರುವುದನ್ನು ನಡುಮನೆಯಲ್ಲಿ ಮಾಡಲು ಸಾಧ್ಯವಿಲ್ಲ ಎಂಬುದು ಅವರಿಗೂ ಗೊತ್ತು.

ಹೊತ್ತು ನಿಗದಿ ಮಾಡಿಕೊಳ್ಳಿ. ನನ್ನದು ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ. ಆಗ ಗ್ಯಾಸ್ ಮುಗಿದರೂ, ಹಾಲಿನವನು ಬಂದರೂ, ಕರೆಂಟು ಹೋದರೂ ಮನೆಯಲ್ಲಿ ಇನ್ನೂ ನಾಲ್ವರು ದೊಡ್ಡವರಿದ್ದಾರೆ. ಮೊದಲ ತಿಂಗಳು ದಿನಕ್ಕೆ ಐದಾರು ಸಲ ಬಾಗಿಲು ಬಡಿದರು. ನಾನು ಲೆಕ್ಕ ಬರೆದಿಟ್ಟಿದ್ದೇನೆ. ಮೂರನೆಯ ತಿಂಗಳಲ್ಲಿ ವಾರಕ್ಕೆ ಎರಡು. ಮೊಮ್ಮಗನಿಗೆ ಮಾತ್ರ ಭಾನುವಾರ ನಾಲ್ಕು ಗಂಟೆಗೆ ಬರಲು ಅನುಮತಿ ಇದೆ, ಬಾಗಿಲು ತಟ್ಟಿ ಬರಬೇಕು. ಅವನು ಗೋದಲಿಯೊಳಗೆ ಇಳಿದು ಪುಸ್ತಕ ಸರಿಸಿ ಕೂರುತ್ತಾನೆ.

ಕಳೆದ ಸುಗ್ಗಿಯಲ್ಲಿ ಸಂತೆಗೆ ಹೋಗಿ ಬರುವಷ್ಟರಲ್ಲಿ ಒಳಗೆ ಎರಡು ಮೂಟೆ ಈರುಳ್ಳಿ ಕೂತಿದ್ದವು. ಎರಡೇ ದಿನ ಎಂದರು. ಎರಡು ದಿನಕ್ಕೆ ಒಪ್ಪಿದರೆ ಯುಗಾದಿಯವರೆಗೂ ಇರುತ್ತವೆ. ಒಬ್ಬಳೇ ಎಳೆದು ತಂದು ಜಗಲಿಯ ಮೇಲೆ, ಯಜಮಾನರ ಕುರ್ಚಿಯ ಪಕ್ಕದಲ್ಲಿ ಇಟ್ಟೆ. ಸಂಜೆಯೊಳಗೆ ಅವಕ್ಕೆ ಬೇರೆ ಜಾಗ ಸಿಕ್ಕಿತು.

ನೋಡಿಕೊಳ್ಳುವ ಕೆಲಸ ಹೆಚ್ಚೇನಿಲ್ಲ. ಯುಗಾದಿಗೆ ಮೊದಲು ಒಂದು ಸಲ ಸುಣ್ಣ. ಮೇ ತಿಂಗಳ ಮಳೆಗೆ ಮುಂಚೆ ಚರಂಡಿಯ ಎಲೆ ಬಾಚಿ, ಏಣಿ ಹಾಕಿ ಹೆಂಚು ನೋಡಬೇಕು. ಸೆಪ್ಟೆಂಬರ್, ಅಕ್ಟೋಬರ್ ಮಳೆ ಇಲ್ಲಿ ಜೋರು, ಆಗಲೂ ಒಮ್ಮೆ ನೋಡುವುದು ಒಳ್ಳೆಯದು. ಕೋತಿಗಳು ಬಂದು ಹೋದ ದಿನವಂತೂ ನೋಡಲೇಬೇಕು. ಹೆಚ್ಚುವರಿಯಾಗಿ ತಂದ 32 ಹೆಂಚುಗಳಲ್ಲಿ ಈಗ 11 ಉಳಿದಿವೆ. ವರ್ಷಕ್ಕೆ ಐದರಂತೆ ಹೋಗುತ್ತಿದ್ದು, ಹೋದ ತಿಂಗಳು ಗುಂಪೇ ಬಂದಿದ್ದರಿಂದ ಒಂದನ್ನು ಹೆಚ್ಚಾಗಿ ಕಳೆದಿದ್ದೇನೆ.